ಸೂರಿನ ಕೆಳಗಿನ ಆ ಒಂದು ಮೊಳ ಯಾರ ಲೆಕ್ಕಕ್ಕೆ?

ಬೆಳೆಯುವ ಊರುಗಳಲ್ಲಿ ಈಗ ನೆಲಕ್ಕಷ್ಟೇ ಅಲ್ಲ, ಸೂರಿಗೂ ಜಗಳ. ನೆಲದ ಜಗಳವಾದರೆ ಕೋರ್ಟು ಕಚೇರಿ ಹತ್ತುತ್ತದೆ, ಸರ್ವೆಯವರು ಬರುತ್ತಾರೆ, ಕಲ್ಲು ನೆಡುತ್ತಾರೆ. ಸೂರಿನ ಜಗಳ ಯಾರ ಕಿವಿಗೂ ಬೀಳುವುದಿಲ್ಲ. ಅದು ಥಳಥಳಿಸುವ ಫಾಲ್ಸ್ ಸೀಲಿಂಗಿನ ಹಿಂದೆ ಗುಟ್ಟಾಗಿ ನಡೆಯುತ್ತದೆ.

ಬಸ್ ನಿಲ್ದಾಣದ ಎದುರು ನಾಲ್ಕಂತಸ್ತಿನ ಬಟ್ಟೆ ಅಂಗಡಿಗಳು, ಮಾಲ್‌ಗಳು, ನರ್ಸಿಂಗ್ ಹೋಮುಗಳು ಏಳದ ಜಿಲ್ಲಾ ಕೇಂದ್ರ ಈಗ ಯಾವುದಿದೆ? ಅಂಥ ಕಟ್ಟಡದಲ್ಲಿ ಸೀಲಿಂಗಿನ ಒಂದು ಹಲಗೆ ಸರಿಸಿ ಒಳಗೆ ಟಾರ್ಚು ಬಿಟ್ಟರೆ ಕಾಣುವುದು ಸಂಜೆ ಐದೂವರೆಯ ಸಿಟಿ ಬಸ್ಸು. ಕೆಂಪು ಬಣ್ಣದ ನೀರಿನ ಪೈಪು, ಅದರ ಪಕ್ಕೆಗೆ ಒತ್ತಿಕೊಂಡ ಎಸಿ ಡಕ್ಟು, ಡಕ್ಟಿನ ಹೊಟ್ಟೆಯಡಿ ಕೇಬಲ್ ಟ್ರೇ, ಅಡ್ಡಲಾಗಿ ಮೇಲಿನ ಮಹಡಿಯ ಕಕ್ಕಸಿನ ಪೈಪು, ಮೇಲೊಂದಿಷ್ಟು ಇಂಟರ್‌ನೆಟ್ ವೈರು. ಬಸ್ಸಿನಲ್ಲಾದರೆ ಕಾಲು ತುಳಿದವನು ಒಂದು ಮಾತು ‘ಸಾರಿ’ ಅಂತಾನೆ. ಇಲ್ಲಿ ಅದೂ ಇಲ್ಲ.

ಈ ನೂಕುನುಗ್ಗಲಲ್ಲಿ ಎಲ್ಲರಿಗಿಂತ ಹೆಚ್ಚು ತುಳಿಸಿಕೊಳ್ಳುವುದು ಆ ಕೆಂಪು ಪೈಪು. ಜನರ ಜೀವ ಕಾಯಬೇಕಾದ ಪೈಪು ಅದೊಂದೇ.

ಇದು ಹೊಲದ ಸ್ಪ್ರಿಂಕ್ಲರ್ ಅಲ್ಲ

ಸ್ಪ್ರಿಂಕ್ಲರ್ ಎಂದರೆ ಜಿಲ್ಲೆಯ ಜನಕ್ಕೆ ಮೊದಲು ನೆನಪಾಗುವುದು ಶೇಂಗಾ ಹೊಲದಲ್ಲಿ ಟಕಟಕನೆ ತಿರುಗುವ ಪಿಚಕಾರಿ. ಸೂರಿನಲ್ಲಿರುವುದು ಬೇರೆ ಜಾತಿ. ಅದಕ್ಕೆ ತಿರುಗುವ ಕೆಲಸವಿಲ್ಲ. ಇಪ್ಪತ್ತು ವರ್ಷವಾದರೂ ಸುಮ್ಮನೆ ಕಾದಿರುತ್ತದೆ.

ಪೈಪಿನಲ್ಲಿ ಸದಾ ಒತ್ತಡದ ನೀರು. ಪೈಪಿನ ಬಾಯಿಗೆ ಒಂದು ಬಿರಡೆ, ಬಿರಡೆಯನ್ನು ಒತ್ತಿ ಹಿಡಿದಿರುವುದು ಕಿರುಬೆರಳಿಗಿಂತ ಸಣ್ಣದಾದ ಒಂದು ಗಾಜಿನ ಬುರುಡೆ. ಬುರುಡೆಯೊಳಗೆ ಬಣ್ಣದ ದ್ರವ. ಕೆಂಪಾದರೆ 68 ಡಿಗ್ರಿ ಸೆಲ್ಸಿಯಸ್‌ಗೆ, ಹಳದಿಯಾದರೆ 79ಕ್ಕೆ, ಹಸಿರಾದರೆ 93ಕ್ಕೆ ಒಡೆಯುತ್ತದೆ. ಬೆಂಕಿಯ ಬಿಸಿ ಮೇಲೇರಿ ಸೂರಿನಡಿ ಹರಡುತ್ತದೆ, ದ್ರವ ಹಿಗ್ಗುತ್ತದೆ, ಗಾಜು ಪಟ್ ಎನ್ನುತ್ತದೆ, ಬಿರಡೆ ಹಾರುತ್ತದೆ. ಕೆಳಗೆ ಹಾರುವ ನೀರು ಹಲ್ಲುಹಲ್ಲಾದ ಒಂದು ಲೋಹದ ಬಿಲ್ಲೆಗೆ ಬಡಿದು ಕೊಡೆ ಬಿಚ್ಚಿದಂತೆ ಸುತ್ತ ಹರಡುತ್ತದೆ.

ಸಿನಿಮಾದಲ್ಲಿ ತೋರಿಸುವಂತೆ ಒಂದು ಬೀಡಿ ಹೊಗೆಗೆ ಇಡೀ ಕಟ್ಟಡದಲ್ಲಿ ಮಳೆ ಸುರಿಯುವುದೆಲ್ಲ ಸುಳ್ಳು. ಎಲ್ಲಿ ಬಿಸಿ ತಗುಲಿತೋ ಅಲ್ಲಿಯ ಹೆಡ್ ಮಾತ್ರ ಒಡೆಯುತ್ತದೆ. ಸಾಧಾರಣ ಒತ್ತಡದಲ್ಲಿ ಒಂದು ಹೆಡ್ ನಿಮಿಷಕ್ಕೆ ಸುಮಾರು 80 ಲೀಟರ್ ಸುರಿಯುತ್ತದೆ, ಅಂದರೆ ಐದಾರು ಕೊಡ ನೀರು. ಅಂಗಡಿಯಂಥ ಜಾಗದಲ್ಲಿ ಒಂದು ಹೆಡ್ಡಿನ ಪಾಲಿಗೆ ಬರುವುದು ಸುಮಾರು 12 ಚದರ ಮೀಟರ್ ನೆಲ.

ಉಪಾಯ ಹೊಸದೇನಲ್ಲ. ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಪಿಯಾನೊ ಕಾರ್ಖಾನೆ ನಡೆಸುತ್ತಿದ್ದ ಹೆನ್ರಿ ಪಾರ್ಮಲಿ 1874ರಲ್ಲೇ ತನ್ನ ಕಾರ್ಖಾನೆ ಉಳಿಸಿಕೊಳ್ಳಲು ಇದಕ್ಕೆ ಪೇಟೆಂಟ್ ತೆಗೆದ. ಕೆಲವೇ ವರ್ಷಗಳಲ್ಲಿ ಫ್ರೆಡರಿಕ್ ಗ್ರಿನೆಲ್ ಅದನ್ನು ಸುಧಾರಿಸಿ ವ್ಯಾಪಾರಕ್ಕೆ ತಂದ. ಮೊದಲು ಇದನ್ನು ಬೇಕೆಂದು ಹಾಕಿಸಿಕೊಂಡವನು ಒಬ್ಬ ವ್ಯಾಪಾರಿ ಎಂಬುದನ್ನು ಇಂದಿನ ವ್ಯಾಪಾರಿಗಳು ನೆನೆಯಬೇಕು.

ಖಾಲಿ ಜಾಗವೂ ಯಂತ್ರದ ಭಾಗ

ಈಗ ಬರೋಣ ಮುಖ್ಯ ಮಾತಿಗೆ. ಕೊಡೆ ಬಿಚ್ಚಬೇಕಾದರೆ ಸುತ್ತ ಜಾಗ ಬೇಕು ತಾನೆ? ತುಂಬಿದ ಬಸ್ಸಿನಲ್ಲಿ ಕೊಡೆ ಬಿಚ್ಚಲಾದೀತೆ? ಸ್ಪ್ರಿಂಕ್ಲರಿಗೂ ಅಷ್ಟೇ. ಪೈಪು, ಬುರುಡೆ, ಬಿಲ್ಲೆ ಮಾತ್ರ ಯಂತ್ರವಲ್ಲ, ಅದರ ಸುತ್ತಲಿನ ಖಾಲಿ ಜಾಗವೂ ಯಂತ್ರದ ಭಾಗವೇ. ಆದರೆ ಪೈಪಿಗೆ ಬಿಲ್ಲು ಇದೆ, ಖಾಲಿ ಜಾಗಕ್ಕೆ ಬಿಲ್ಲು ಇಲ್ಲ. ಬಿಲ್ಲು ಇಲ್ಲದ್ದು ಯಾರದ್ದೂ ಅಲ್ಲ ಎಂಬುದು ನಮ್ಮ ಕಡೆಯ ಪದ್ಧತಿ.

ಅಮೆರಿಕದ ಎನ್‌ಎಫ್‌ಪಿಎ ಸಂಸ್ಥೆಯ 13ನೇ ನಂಬರಿನ ನಿಯಮಾವಳಿಯನ್ನು ಜಗತ್ತಿನ ಹಲವು ದೇಶಗಳ ಎಂಜಿನಿಯರುಗಳು ಮುಂದಿಟ್ಟುಕೊಂಡು ಕೆಲಸ ಮಾಡುತ್ತಾರೆ. ಭಾರತದಲ್ಲಿ ಐಎಸ್ 15105 ಎಂಬ ಸಂಹಿತೆಯೂ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಬೆಂಕಿ ಸುರಕ್ಷತೆಯ ಭಾಗವೂ ಇವೆ. ಅಮೆರಿಕದ ಲೆಕ್ಕ ಹೇಳುವುದಿಷ್ಟು: ಬಿಲ್ಲೆಯ ಕೆಳಗೆ ಸಾಮಾನಿನ ರಾಶಿಗೂ ಅದಕ್ಕೂ ನಡುವೆ 18 ಇಂಚು ಬಿಡಬೇಕು. ಹದಿನೆಂಟು ಇಂಚು ಎಂದರೆ ಹೂವಾಡಗಿತ್ತಿಯ ಒಂದು ಮೊಳ. ಬೆರಳ ತುದಿಯಿಂದ ಮೊಣಕೈವರೆಗೆ, ಅಷ್ಟೇ!

ಈ ಮೊಳಕ್ಕಾಗಿಯೇ ಎಲ್ಲ ತಂಟೆ. ದೀಪಾವಳಿ ಸ್ಟಾಕು ಬಂತೆಂದರೆ ಗೋದಾಮಿನ ರಟ್ಟಿನ ಡಬ್ಬಗಳು ಸೂರಿಗೆ ಮುತ್ತಿಡುತ್ತವೆ. ಡಬ್ಬ ಬಿಲ್ಲೆಗೆ ತಾಗಿದರೆ ನೀರಿನ ಕೊಡೆ ಬಿಚ್ಚುವುದೇ ಇಲ್ಲ. ಮೇಲಿನ ಒಂದು ಡಬ್ಬ ತೊಯ್ದು ತೊಪ್ಪೆಯಾಗುತ್ತದೆ, ನಾಲ್ಕಡಿ ಆಚೆ ಬೆಂಕಿ ನೆಮ್ಮದಿಯಾಗಿ ಉರಿಯುತ್ತದೆ.

ವ್ಯಾಪಾರಿಗಳ ಕಷ್ಟವೂ ಇದೆ, ಇಲ್ಲ ಎನ್ನಬಾರದು. ಹತ್ತಡಿ ಎತ್ತರದ ಗೋದಾಮಿನಲ್ಲಿ ಒಂದು ಮೊಳ ಬಿಟ್ಟರೆ ಏಳನೇ ಒಂದು ಪಾಲು ಎತ್ತರ ಹೋಯಿತು. ಬಾಡಿಗೆ ಮಾತ್ರ ಪೂರ್ತಿ. ‘ಆ ಮೊಳದ ಬಾಡಿಗೆ ಓನರ್ ಮಾಫಿ ಮಾಡ್ತಾರಾ?’ ಎಂದು ಅಂಗಡಿಯವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಅದೇ ನಿಯಮದಲ್ಲಿ ಒಂದು ರಿಯಾಯಿತಿಯೂ ಇದೆ, ಬಹಳ ಜನಕ್ಕೆ ತಿಳಿದಿಲ್ಲ. ಗೋಡೆಗೆ ಒತ್ತಿದ ರ್‍ಯಾಕು ನೇರವಾಗಿ ಹೆಡ್ಡಿನ ಕೆಳಗೆ ಬರದಿದ್ದರೆ ಅದು ಸೂರಿನವರೆಗೂ ಏರಬಹುದು. ನಡುವಿನ ರಾಶಿಗಳು ಮಾತ್ರ ತಗ್ಗಬೇಕು. ಅಂದರೆ ಬೇಕಿರುವುದು ಸಾಮಾನು ಕಡಿಮೆ ಮಾಡುವುದಲ್ಲ, ಜೋಡಿಸುವ ಬುದ್ಧಿ.

ಪೈಪಿನವನು, ಎಸಿಯವನು, ಕರೆಂಟಿನವನು

ಅಂಗಡಿಯವರ ತಪ್ಪು ಕಣ್ಣಿಗೆ ಕಾಣುತ್ತದೆ. ಸೀಲಿಂಗಿನ ಮೇಲೆ ಕುತ್ತಿಗೆ ಹಿಸುಕಿಸಿಕೊಂಡ ಪೈಪು ಕಾಣುವುದಿಲ್ಲ.

ನಿಯಮ ಹೇಳುವ ಇನ್ನೊಂದು ಲೆಕ್ಕ ಕೇಳಿ. ಹೆಡ್ಡಿನ ಹತ್ತಿರ ಒಂದು ಕಂಬವೋ, ಪೈಪೋ, ಲೈಟಿನ ಪೆಟ್ಟಿಗೆಯೋ ಇದ್ದರೆ, ಅದು ಎಷ್ಟು ಅಗಲವೋ ಅದರ ಮೂರು ಪಟ್ಟು ದೂರದಲ್ಲಿ ಹೆಡ್ ಇರಬೇಕು. ನಾಲ್ಕು ಇಂಚಿನ ಅಡ್ಡಿಗೆ ಒಂದಡಿ ದೂರ. ಹೆಚ್ಚೆಂದರೆ ಎರಡಡಿ ಬಿಟ್ಟರೆ ಸಾಕು. ಇನ್ನು ಡಕ್ಟು ನಾಲ್ಕಡಿಗಿಂತ ಅಗಲವಾಗಿದ್ದರೆ ಮೇಲಿನ ನೀರು ಅದರ ಕೆಳಗೆ ಬೀಳುವುದೇ ಇಲ್ಲ. ಡಕ್ಟಿನ ಹೊಟ್ಟೆಯ ಕೆಳಗೆ ಬೇರೆ ಹೆಡ್ ಹಾಕಬೇಕು.

ಆದರೆ ಕಟ್ಟಡದಲ್ಲಿ ನಡೆಯುವುದೇನು? ಪೈಪಿನವನು ತನ್ನ ನಕ್ಷೆ ತರುತ್ತಾನೆ, ಎಸಿಯವನು ತನ್ನ ನಕ್ಷೆ, ಕರೆಂಟಿನವನದು ತಲೆಯೊಳಗಿನ ನಕ್ಷೆ. ಮೂರೂ ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ನೋಡುವವನಿಲ್ಲ. ಮೊದಲು ಬಂದವನಿಗೆ ಕಿಟಕಿ ಪಕ್ಕದ ಸೀಟು. ಕೊನೆಗೆ ಬಂದವನು ನೇತಾಡಿಕೊಂಡು ಹೋಗಬೇಕು.

ಬಲ್ಲವರ ಪದ್ಧತಿ ಬೇರೆ. ಕೊಳಚೆ ಪೈಪಿಗೆ ಇಳಿಜಾರು ಬೇಕೇ ಬೇಕು, ಅದನ್ನು ಮೇಲೆ ಕೆಳಗೆ ಮಾಡಲಾಗುವುದಿಲ್ಲ. ಹಾಗಾಗಿ ಮೊದಲ ಜಾಗ ಅದಕ್ಕೆ. ಎಸಿ ಡಕ್ಟು ಮೈಗಾತ್ರದಲ್ಲಿ ದೊಡ್ಡದು, ಅದಕ್ಕೆ ಎರಡನೆಯದು. ಆಮೇಲೆ ಸ್ಪ್ರಿಂಕ್ಲರ್ ಪೈಪು. ವೈರು ಎತ್ತ ಬೇಕಾದರೂ ಬಾಗುತ್ತದೆ, ಅದು ಕಡೆಗೆ. ಇದನ್ನು ಕಾಗದದ ಮೇಲೆ ಮಾಡಿದರೆ ಖರ್ಚು ಒಂದು ರಬ್ಬರು. ಕಟ್ಟಿದ ಮೇಲೆ ಮಾಡಿದರೆ ಗ್ಯಾಸ್ ಕಟರು.

ಕಟರ್ ತರಲು ಮನಸ್ಸಿಲ್ಲದವರು ಇನ್ನೊಂದು ದಾರಿ ಹಿಡಿಯುತ್ತಾರೆ. ಡಕ್ಟು ಅಡ್ಡ ಬಂತಾ? ಒಂದು ಎಲ್ಬೋ ಹಾಕಿ ಕೆಳಗಿಳಿಸಿ, ಇನ್ನೊಂದು ಹಾಕಿ ಪಕ್ಕಕ್ಕೆ ತಿರುಗಿಸಿ, ಮತ್ತೆರಡು ಹಾಕಿ ಮೇಲೇರಿಸಿ. ಕೆಲಸ ಮುಗಿಯಿತು! ಆದರೆ ನಾಲ್ಕಿಂಚಿನ ಪೈಪಿನಲ್ಲಿ ಒಂದು ಎಲ್ಬೋ ದಾಟಲು ನೀರು ಪಡುವ ಪಾಡು ಹತ್ತಡಿ ಪೈಪಿನಲ್ಲಿ ಹರಿಯುವ ಪಾಡಿಗೆ ಸಮ. ನಾಲ್ಕು ಎಲ್ಬೋ ಎಂದರೆ ನಲವತ್ತಡಿ. ಕೊನೆಯ ಹೆಡ್ಡಿನ ಬಳಿ ಪಿಚಕಾರಿ ಹೋಗಿ ಸೋರುವ ನಲ್ಲಿಯಾದರೆ ಆಶ್ಚರ್ಯವೇನು? ಪಂಪಿನ ಲೆಕ್ಕ ಹಾಕಿದಾತ ನೇರ ಪೈಪು ಎಂದುಕೊಂಡಿದ್ದ, ಪಾಪ.

ಪೈಪು ತೋರಣದ ಕಂಬವಲ್ಲ

‘ಯಜಮಾನ್ರೇ, ಸೀರಿಯಲ್ ಲೈಟ್ ಎಲ್ಲಿಗೆ ಕಟ್ಲಿ?’

‘ಮೇಲೆ ಪೈಪಿಲ್ವೇನೋ? ಅದಕ್ಕೇ ಸುತ್ತು.’

ಆಯುಧಪೂಜೆಯ ಮುಂಚಿನ ಸಂಜೆ ಈ ಮಾತು ಕೇಳಿಬರದ ಅಂಗಡಿ ಅಪರೂಪ. ಕೆಂಪು ಪೈಪು ಗಟ್ಟಿಯಾಗಿ ಕಾಣುತ್ತದೆ, ಗಟ್ಟಿಯೂ ಹೌದು. ಆದರೆ ನೀರು ತುಂಬಿದ ನಾಲ್ಕಿಂಚಿನ ಪೈಪು ಮೀಟರಿಗೆ 20 ಕಿಲೊಗೂ ಹೆಚ್ಚು ತೂಗುತ್ತದೆ. ಅದನ್ನು ಹೊತ್ತ ಹ್ಯಾಂಗರು, ನಿಯಮದ ಪ್ರಕಾರ, ನೀರು ತುಂಬಿದ ಪೈಪಿನ ಐದು ಪಟ್ಟು ಭಾರವನ್ನೂ ಮೇಲೆ 114 ಕಿಲೊವನ್ನೂ ತಡೆಯಬೇಕು. ಆ ಶಕ್ತಿ ಇಟ್ಟಿರುವುದು ಅನಾಹುತದ ಹೊತ್ತಿಗೆ, ತೋರಣಕ್ಕಲ್ಲ. ಸ್ಪ್ರಿಂಕ್ಲರ್ ಪೈಪಿಗಾಗಲಿ ಅದರ ಹ್ಯಾಂಗರಿಗಾಗಲಿ ಬೇರೆ ಯಾವುದನ್ನೂ ನೇತುಹಾಕಬಾರದು ಎಂದು ನಿಯಮ ಸ್ಪಷ್ಟವಾಗಿದೆ. ಕೇಬಲ್ ಬೇಡ, ಡಕ್ಟಿನ ಆಧಾರ ಬೇಡ, ‘ಭರ್ಜರಿ ರಿಯಾಯಿತಿ’ಯ ಬೋರ್ಡೂ ಬೇಡ.

ಇನ್ನು ಬಣ್ಣದವರ ಕಥೆ. ಸೀಲಿಂಗಿಗೆ ಬಿಳಿ ಹೊಡೆಯುವಾಗ ಹೆಡ್ಡಿಗೂ ಒಂದು ಕೈ ಬಳಿದುಬಿಡುತ್ತಾರೆ. ಬಣ್ಣ ಬಿದ್ದ ಬುರುಡೆಗೆ ಬಿಸಿ ತಡವಾಗಿ ತಟ್ಟುತ್ತದೆ, ಬಿರಡೆ ಅಂಟಿಕೊಳ್ಳುತ್ತದೆ. ಅದನ್ನು ಉಜ್ಜಿ ಸರಿಮಾಡುವಂತಿಲ್ಲ, ಹೊಸದೇ ಹಾಕಬೇಕು. ಕೆಲವು ಕಡೆ ಹಳೆಯ ಸೂರಿಗೆ ಹೆಡ್ ಇದ್ದು, ಅದರ ಕೆಳಗೆ ಹೊಸ ಸೀಲಿಂಗ್ ಬಂದು, ಹೆಡ್ ಮೇಲೆ ಕತ್ತಲಲ್ಲೇ ಉಳಿದುಬಿಡುತ್ತದೆ. ಕೆಳಗೆ ಬೆಂಕಿ, ಮೇಲೆ ಸ್ಪ್ರಿಂಕ್ಲರ್, ನಡುವೆ ಇಂಟೀರಿಯರ್ ಡೆಕೊರೇಶನ್!

ಗಟ್ಟಿ ಕಟ್ಟಡ ನಿಂತಿತು, ಆಸ್ಪತ್ರೆ ಖಾಲಿಯಾಯಿತು

ಪೈಪು ಹಾಯುವ ಗೋಡೆಯ ತೂತನ್ನು ಗಾರೆಯವರು ಸಿಮೆಂಟು ಮೆತ್ತಿ ಬಿಗಿ ಮಾಡಿಬಿಡುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ಪೈಪಿಗೂ ಗೋಡೆಗೂ ಬೇರೆ ಬೇರೆ ನಡೆ. ಗೋಡೆ ಕುಸಿದು ಕೂರುತ್ತದೆ, ಪಂಪು ಶುರುವಾದ ಕ್ಷಣ ಪೈಪು ಜಗ್ಗುತ್ತದೆ. ಬಿಗಿಯಾದ ಕಡೆ ಪೈಪು ಸೀಳುತ್ತದೆ, ಇಲ್ಲವೇ ಜಾಯಿಂಟು ಬಿಡುತ್ತದೆ. ಸಣ್ಣ ಪೈಪಿಗೆ ಅದರ ಮೈಗಿಂತ ಎರಡು ಇಂಚು, ನಾಲ್ಕಿಂಚು ಮತ್ತು ಮೇಲಿನದಕ್ಕೆ ನಾಲ್ಕು ಇಂಚು ದೊಡ್ಡ ತೂತು ಇರಲಿ ಎಂದು ಅಮೆರಿಕದವರು ಭೂಕಂಪದ ಸೀಮೆಗಳಿಗೆ ನಿಯಮ ಮಾಡಿದ್ದಾರೆ. ಅವರಿಗೆ ಆ ಪಾಠ ಪುಕ್ಕಟೆ ಸಿಕ್ಕಿಲ್ಲ.

ಲಾಸ್ ಏಂಜಲೀಸಿನ ಸಿಲ್ಮಾರ್ ಎಂಬಲ್ಲಿ ಆಲಿವ್ ವ್ಯೂ ಎಂಬ ಆಸ್ಪತ್ರೆ ಇದೆ. 1971ರ ಫೆಬ್ರವರಿಯ ಭೂಕಂಪದಲ್ಲಿ ಅದರ ಕಟ್ಟಡ ಹಾಳಾಯಿತು. ಎರಡನೆಯ ಸಲ ಉಕ್ಕು ಸುರಿದು ಜಗ್ಗದಂಥ ಕಟ್ಟಡ ಕಟ್ಟಿದರು. 1994ರ ಜನವರಿ 17ರಂದು ಮತ್ತೆ ಭೂಮಿ ನಡುಗಿತು. ಕಟ್ಟಡ ಅಲ್ಲಾಡಿದರೂ ಬೀಳಲಿಲ್ಲ, ಎಂಜಿನಿಯರುಗಳ ಮಾನ ಉಳಿಯಿತು. ಆದರೆ ಸ್ಪ್ರಿಂಕ್ಲರ್ ಪೈಪುಗಳೂ ಎಸಿಯ ತಣ್ಣೀರಿನ ಪೈಪುಗಳೂ ಒಡೆದು ಮಹಡಿಗಳಲ್ಲಿ ನೀರು ನಿಂತಿತು. ಗಾಯಾಳುಗಳನ್ನು ಒಳಗೆ ತೆಗೆದುಕೊಳ್ಳಬೇಕಾದ ದಿನವೇ ಒಳಗಿದ್ದ ರೋಗಿಗಳನ್ನು ಹೊರಗೆ ಸಾಗಿಸಬೇಕಾಯಿತು! ಕಂಬ ತೊಲೆಗಳಿಗೆ ಕೊಟ್ಟ ಗಮನ ಪೈಪಿನ ಓಡಾಟಕ್ಕೆ ಸಿಕ್ಕಿರಲಿಲ್ಲ.

ಕರ್ನಾಟಕಕ್ಕೆ ಅಷ್ಟು ಭಯವಿಲ್ಲ ಎನ್ನಬಹುದು. ಆದರೆ 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ನಡುಕ ಕಲಬುರಗಿ, ಬೀದರದವರಿಗೆ ಮರೆತಿಲ್ಲ. ಕಂಪನ ಬೇಡ, ಒಂದು ಸೋರಿಕೆ ಸಾಕು. ಕರೆಂಟಿನ ಪ್ಯಾನೆಲ್ ಬೋರ್ಡಿನ ನೆತ್ತಿಯ ಮೇಲೆ ನೀರಿನ ಪೈಪಿನ ಜಾಯಿಂಟು ತಂದಿಟ್ಟರೆ ಬೆಂಕಿ ಆರಿಸುವ ಪೈಪೇ ಬೆಂಕಿ ಹಚ್ಚೀತು.

ಹಾಗಂತ ತೂತನ್ನು ಬಾಯಿಬಿಟ್ಟುಕೊಂಡೇ ಬಿಡುವಂತೆಯೂ ಇಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿದ್ದು ಕರೆಂಟಿನ ಕೇಬಲ್ಲು ಹಾಯುವ ಶಾಫ್ಟಿನಲ್ಲಿ. ಹೊಗೆ ಅದರ ಮೂಲಕ ಮೇಲಿನ ಮಹಡಿಗಳಿಗೆ ಏರಿತು. ಉಸಿರುಗಟ್ಟಿದವರು, ಕಿಟಕಿಯಿಂದ ಹಾರಿದವರು ಸೇರಿ 9 ಜನ ಹೋದರು. ಕಟ್ಟಡದೊಳಗಿನ ಶಾಫ್ಟೂ ತೂತೂ ಹೊಗೆಯ ಏಣಿ. ಆದ್ದರಿಂದ ಪೈಪಿನ ಸುತ್ತ ಜಾಗವೂ ಇರಬೇಕು, ಆ ಜಾಗಕ್ಕೆ ಬೆಂಕಿ ತಡೆಯುವ ಮೆತ್ತನೆಯ ವಸ್ತುವನ್ನೂ ತುಂಬಬೇಕು. ಅದು ಬಾಗಬೇಕು, ಬಿಡಬಾರದು. ಸಿಮೆಂಟು ಈ ಕೆಲಸಕ್ಕೆ ಬಾರದು.

ಯಾರನ್ನು ಕೇಳಬೇಕು?

ಕಟ್ಟಡ ಮುಗಿದಾಗ ಅಗ್ನಿಶಾಮಕ ಇಲಾಖೆಯವರು ನೋಡಿ ಎನ್‌ಒಸಿ ಕೊಡುತ್ತಾರೆ. ಅಂದು ಸೂರು ಬರಿದು, ಪೈಪು ಫಳಫಳ. ಆಮೇಲೆ ಮಳಿಗೆಗಳು ಬಾಡಿಗೆಗೆ ಹೋಗುತ್ತವೆ. ಒಂದೊಂದು ಮಳಿಗೆಗೆ ಒಬ್ಬೊಬ್ಬ ಇಂಟೀರಿಯರ್‌ನವನು. ಗೋಡೆ ಏಳುತ್ತದೆ, ಸೀಲಿಂಗ್ ಇಳಿಯುತ್ತದೆ, ಎಸಿ ಬದಲಾಗುತ್ತದೆ. ಕಾಗದದಲ್ಲಿರುವ ಕಟ್ಟಡ ಒಂದು, ಜನ ಓಡಾಡುವ ಕಟ್ಟಡ ಇನ್ನೊಂದು.

ಬಾಡಿಗೆದಾರರನ್ನು ಕೇಳಿದರೆ ‘ಅದು ಓನರ್‌ದು’ ಅಂತಾರೆ. ಓನರ್ ‘ಬಿಲ್ಡರ್ ಮಾಡಿದ್ದು’ ಅಂತಾರೆ. ಬಿಲ್ಡರ್ ‘ಎನ್‌ಒಸಿ ಇದೆಯಲ್ಲ’ ಅಂತಾರೆ. ಅಗ್ನಿಶಾಮಕ ಸೇವೆ ಸಂವಿಧಾನದ ಹನ್ನೆರಡನೇ ಅನುಸೂಚಿಯಲ್ಲಿ ನಗರಾಡಳಿತದ ಪಟ್ಟಿಯಲ್ಲಿದೆ, ರಾಜ್ಯದಲ್ಲಿ 1964ರಿಂದ ಅಗ್ನಿಶಾಮಕ ಕಾಯಿದೆ ಇದೆ. ಕಾಯಿದೆ, ಸಂಹಿತೆ ಯಾವುದಕ್ಕೂ ಬರವಿಲ್ಲ. ಬರ ಇರುವುದು ಮತ್ತೊಮ್ಮೆ ಏಣಿ ಹತ್ತಿ ಸೀಲಿಂಗಿನೊಳಗೆ ಇಣುಕುವವರಿಗೆ.

ಸಾಯುವವರು ಯಾರು? 2018ರ ಜನವರಿ 8ರ ಬೆಳಗಿನ ಜಾವ ಬೆಂಗಳೂರಿನ ಕಲಾಸಿಪಾಳ್ಯದ ಬಾರೊಂದರಲ್ಲಿ ಬೆಂಕಿಗೆ ಬಲಿಯಾದವರು ಅಲ್ಲೇ ಮಲಗಿದ್ದ ಐವರು ನೌಕರರು. 2025ರ ಆಗಸ್ಟ್ 16ರಂದು ನಗರ್ತಪೇಟೆಯಲ್ಲಿ ಕೆಳಗೆ ವ್ಯಾಪಾರ, ಮೇಲೆ ವಾಸ ಇದ್ದ ಕಟ್ಟಡದಲ್ಲಿ ಐದು ಜೀವ ಹೋದವು. ಈ ಎರಡೂ ಕಡೆ ಪೈಪಿನ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಗಳಿವೆ. ಆದರೆ ಪೇಟೆಯ ಬೆಂಕಿ ಮೊದಲು ಯಾರನ್ನು ಹಿಡಿಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೌಂಟರಿನ ಹುಡುಗಿಯರು, ಹಮಾಲರು, ರಾತ್ರಿ ಅಂಗಡಿಯಲ್ಲೇ ಮಲಗುವ ಹುಡುಗರು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಎಸಿ ತಂಪಿಗೆ ಒಳಗೆ ಬಂದ ಪ್ರಯಾಣಿಕರು.

ಮಾಡಬೇಕಾದ್ದು ದೊಡ್ಡ ಸಂಗತಿಯಲ್ಲ. ನಗರಸಭೆಯವರು ಮಳಿಗೆಯ ಒಳಗಿನ ಕೆಲಸಕ್ಕೆ ಒಪ್ಪಿಗೆ ಕೊಡುವಾಗ ‘ಸ್ಪ್ರಿಂಕ್ಲರಿಗೆ ಏನಾಗುತ್ತದೆ’ ಎಂಬ ಒಂದು ಪ್ರಶ್ನೆ ಸೇರಿಸಲಿ. ಪೈಪು, ಎಸಿ, ಕರೆಂಟು ಮೂರೂ ಇರುವ ಒಂದೇ ನಕ್ಷೆಯನ್ನು ಕಟ್ಟಡದ ಮಾಲೀಕರು ಕೆಳಗಿನ ಮಹಡಿಯಲ್ಲಿ ತೂಗುಹಾಕಲಿ. ಸೀಲಿಂಗ್ ಮುಚ್ಚುವ ಮುಂಚೆ ಫೋಟೊ ತೆಗೆದಿಡಲಿ, ಈಗ ಎಲ್ಲರ ಜೇಬಲ್ಲೂ ಕ್ಯಾಮೆರಾ ಇದೆ. ನೀರಿನ ಮುಖ್ಯ ವಾಲ್ವು ತೆರೆದಿದೆಯೇ ಎಂದು ವಾರಕ್ಕೊಮ್ಮೆ ಕೈಯಿಟ್ಟು ನೋಡಲಿ. ಅಮೆರಿಕದ ಲೆಕ್ಕಗಳ ಪ್ರಕಾರ ಸ್ಪ್ರಿಂಕ್ಲರ್ ಕೈಕೊಟ್ಟ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚಿನವಕ್ಕೆ ಕಾರಣ ಯಾರೋ ಬಂದ್ ಮಾಡಿ ಮರೆತದ್ದು.

ಅಂಗಡಿಯವರ ಪಾಲಿಗೆ ಇನ್ನೂ ಸುಲಭದ ಕೆಲಸವಿದೆ. ಗೋದಾಮಿನ ಗೋಡೆ ಮೇಲೆ, ಹೆಡ್ಡಿನಿಂದ ಒಂದು ಮೊಳ ಕೆಳಗೆ, ಸುತ್ತಲೂ ಒಂದು ಕೆಂಪು ಗೆರೆ ಎಳೆಸಿ. ನಡುವಿನ ಯಾವ ಡಬ್ಬವೂ ಗೆರೆ ದಾಟಬಾರದು. ಓದು ಬಾರದ ಹಮಾಲನಿಗೂ ಅದು ಅರ್ಥವಾಗುತ್ತದೆ. ಖರ್ಚು ಒಂದು ಡಬ್ಬಿ ಪೇಂಟು, ಹೆಚ್ಚೆಂದರೆ ಪೇಂಟರಿಗೆ ಅರ್ಧ ದಿನದ ಕೂಲಿ. ದೀಪಾವಳಿ ಸ್ಟಾಕು ಇಳಿಯುವ ಮುಂಚೆಯೇ ಎಳೆಸಿದರೆ ಒಳ್ಳೆಯದು. ಇಳಿದ ಮೇಲೆ ಗೋಡೆ ಕಾಣುವುದಿಲ್ಲ.